ಸಾಸಿವೆಯಷ್ಟು ಸಡಿಲ

ಎರಡು ವಸ್ತು ಒಂದಕ್ಕೊಂದು ಸೇರುವ ಕಡೆ ಸಾಸಿವೆಯಷ್ಟು ಸಡಿಲವಿದ್ದರೂ ನನ್ನ ಬೆರಳಿಗೆ ಗೊತ್ತಾಗುತ್ತದೆ. ಬಾಗಿಲ ಹಿಡಿ, ಬಾಣಲೆಯ ಕಿವಿ, ನನ್ನ ನಾದಿನಿ ಕಟ್ಟಿಸಿಕೊಂಡ ಹಲ್ಲು, ಯಾವುದೂ ಇದುವರೆಗೆ ತಪ್ಪಿಸಿಕೊಂಡಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಮೇಷ್ಟರಿಗೆ ಬೇಜಾರಾಗಿ ಮನೆಗೆ ಕಳಿಸುವ ತನಕ. ಆಮೇಲೆ ಇಪ್ಪತ್ತೆರಡು ವರ್ಷ ಛತ್ರಿ ಕಾರ್ಖಾನೆಯಲ್ಲಿ ಕಡ್ಡಿಗೆ ಕಡ್ಡಿ ಪೋಣಿಸಿದೆ. ನಾನು ಪೋಣಿಸಿದ ಛತ್ರಿ ಬಿರುಗಾಳಿಗೆ ಮಗುಚಿತು ಎಂದು ಒಬ್ಬ ನರಮನುಷ್ಯ ಬಂದು ಹೇಳಲಿ, ಈಗಲೂ ಹೊಸದು ಕೊಡುತ್ತೇನೆ.

ಅದೇ ಕಾರ್ಖಾನೆಯ ಫಿಟ್ಟರನ್ನು ಮದುವೆಯಾದೆ. ಅವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ವಿಮಾನದ ಹುಚ್ಚು. ಜನ ಕೂರುವ ವಿಮಾನವಲ್ಲ. ತೊಟ್ಟಿಲಷ್ಟು ಉದ್ದದ್ದು, ನೆಲದ ಮೇಲೆ ನಿಂತು ರಿಮೋಟ್ ಹಿಡಿದು ಹಾರಿಸುವಂಥದ್ದು. ಅದರ ಹೊಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ಮೋಟಾರುಗಳಿರುತ್ತವೆ, ಸರ್ವೋ ಎನ್ನುತ್ತಾರೆ. ಸರ್ವೋಗೆ ಒಂದು ಪುಟ್ಟ ತೋಳು. ತೋಳಿನಿಂದ ಬಾಲದವರೆಗೆ ಒಂದು ತಂತಿ. ತಂತಿಯ ತುದಿಯ ಕೊಕ್ಕೆ ಹೋಗಿ ಬಾಲದ ಪಟ್ಟಿಯ ಕಿವಿಗೆ ಸಿಕ್ಕಿಕೊಳ್ಳುತ್ತದೆ. ಬಾಲಕ್ಕೆ ಎರಡು ಪಟ್ಟಿ: ನಿಂತದ್ದು ವಿಮಾನವನ್ನು ಎಡಬಲಕ್ಕೆ ತಿರುಗಿಸುತ್ತದೆ, ಮಲಗಿದ್ದು ಮೇಲೆ ಕೆಳಗೆ ಮಾಡುತ್ತದೆ. ಕೆಳಗೆ ನಿಂತವರು ರಿಮೋಟಿನ ಕೋಲು ಎಳೆದರೆ ತೋಳು ತಿರುಗಿ, ತಂತಿ ಎಳೆದು, ಪಟ್ಟಿ ಎದ್ದು, ವಿಮಾನ ಮೂಗೆತ್ತುತ್ತದೆ. ಆದರೆ ಎಂಜಿನ್ ಗಡಗಡ ನಡುಗಿ ನಡುಗಿ ತಂತಿ ಕೂತ ತೂತುಗಳು ಸವೆಯುತ್ತವೆ. ತೂತು ಸವೆದರೆ ಕೆಳಗಿನವರು ಹೇಳುವುದು ಒಂದು, ಬಾಲ ಮಾಡುವುದು ಇನ್ನೊಂದು. ಥೇಟ್ ನಮ್ಮ ಸಂಸಾರದ ಹಾಗೆ.

ಆ ಸಡಿಲ ಹುಡುಕಲು ಇಬ್ಬರು ಬೇಕು. ಯಜಮಾನರು ಸರ್ವೋದ ತೋಳನ್ನು ಅಲ್ಲಾಡದ ಹಾಗೆ ಹಿಡಿಯುತ್ತಿದ್ದರು. ನಾನು ಕಣ್ಣು ಮುಚ್ಚಿ ಬಾಲದ ಪಟ್ಟಿಯನ್ನು ಒಂದೇ ಬೆರಳಿನಿಂದ ಆಡಿಸುತ್ತಿದ್ದೆ. ಸಡಿಲ ಸಿಕ್ಕಿದರೆ 'ಹೂಂ' ಎನ್ನಬೇಕು, ಬಿಗಿಯಿದ್ದರೆ ಸುಮ್ಮನಿರಬೇಕು. ಮೂವತ್ತೊಂದು ವರ್ಷದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ಅಷ್ಟು ಹೊತ್ತು ಮಾತ್ರ ಎಂದು ಅವರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಭಾನುವಾರ ಊರ ಮೈದಾನದಲ್ಲಿ ವಿಮಾನ ಹಾರಿಸುವವರೆಲ್ಲ ತಮ್ಮ ತಮ್ಮ ವಿಮಾನ ಹೊತ್ತುಕೊಂಡು ನಮ್ಮ ಮನೆಯ ನಲವತ್ತೆರಡು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಅವರು ಹೋಗಿ ನಾಲ್ಕು ವರ್ಷವಾಯಿತು. ಈಗ ತೋಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪು ಹಿಡಿಯುತ್ತದೆ. ಕೆಳಗಿನ ಮನೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ನಾದಿನಿಯ ಹತ್ತಿರ ಇಸಿದುಕೊಂಡದ್ದು, ನೀಲಿ ಬಣ್ಣದ್ದು. ಅದರ ಹಿಡಿತಕ್ಕೇನೂ ಕೊರತೆಯಿಲ್ಲ. ನಾನು 'ಹೂಂ' ಅಂದಾಗ 'ಎಲ್ಲೇ? ಎಷ್ಟೇ?' ಎಂದು ಕೇಳುವುದಿಲ್ಲ, ಅಷ್ಟೇ.

ಮೈದಾನದವರು ಬರುವುದನ್ನು ನಿಲ್ಲಿಸಲಿಲ್ಲ, ಕಡಿಮೆ ಮಾಡಿದರು. ಬಂದರೂ ಮೆಟ್ಟಿಲ ಮೇಲೇ ವಿಮಾನ ಕೊಟ್ಟು, ಮೆಟ್ಟಿಲ ಮೇಲೇ ಇಸಿದುಕೊಂಡು ಹೋಗುತ್ತಿದ್ದರು. ಒಳಗೆ ಬಂದು ಕೂರುತ್ತಿದ್ದವರು ಒಬ್ಬರೇ, ಪೇಂಟರು.

ಪೇಂಟರು ಯಜಮಾನರ ಗೆಳೆಯರು. ನನ್ನನ್ನು ಅತ್ತಿಗೆ ಎನ್ನುತ್ತಿದ್ದರು, ನಾನು ಮೈದುನ ಎಂದು ಕಾಡಿಸುತ್ತಿದ್ದೆ. ಊರಿನ ಅಂಗಡಿಗಳ ಬೋರ್ಡೆಲ್ಲ ಬರೆದವರು ಅವರೇ. ಗೋಡೆಗಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗಲಿಲ್ಲ. ನಮ್ಮ ಮಹಡಿಯ ತಾರಸಿಯಿಂದ ನೋಡಿದರೆ ಮೈದಾನದ ಪಕ್ಕ ನೀರಿನ ಟ್ಯಾಂಕ್ ಕಾಣುತ್ತದೆ. ಅದರ ಹೊಟ್ಟೆಯ ಸುತ್ತ ಒಂದು ಕೆಂಪು ಪಟ್ಟಿಯಿದೆ. ಪೇಂಟರು ಹಗ್ಗಕ್ಕೆ ಜೋತುಬಿದ್ದು, ದಾರವಿಲ್ಲದೆ, ಅಳತೆಪಟ್ಟಿಯಿಲ್ಲದೆ, ಬರೀ ಕೈಯಿಂದ ಎಳೆದದ್ದು. ಆ ಗೆರೆ ನೋಡಿ ಸಮುದ್ರಗಳು ತಮ್ಮ ನೀರಿನ ಮಟ್ಟ ಸರಿ ಮಾಡಿಕೊಳ್ಳುತ್ತವೆ ಎಂದು ನಾನು ಹೇಳಿದರೆ ಅವರು ಬೇಡ ಎನ್ನುತ್ತಿರಲಿಲ್ಲ.

ಅವರ ಹಳದಿ ವಿಮಾನದ ನಿಂತ ಪಟ್ಟಿ ಪ್ರತಿ ವಾರ ಸಡಿಲವಾಗುತ್ತಿತ್ತು. ಪ್ರತಿ ಗುರುವಾರ ಮೂರು ಗಂಟೆಗೆ ಅದನ್ನು ತಬ್ಬಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಒಂದು ಲೋಟ ಟೀ, ಅರ್ಧ ಗಂಟೆ ಕೆಲಸ, ಒಂದು ಗಂಟೆ ಹರಟೆ. ಕೆಳಗಿನಿಂದ ನಾದಿನಿ ಕೂಗುತ್ತಿದ್ದಳು: "ಅತ್ತಿಗೇ, ಗುರುವಾರದ ಫ್ಲೈಟ್ ಲ್ಯಾಂಡ್ ಆಯ್ತಾ?"

"ಆಯ್ತು ಕಣೇ, ನಿನ್ನ ಇಸ್ತ್ರಿಪೆಟ್ಟಿಗೆ ನೋಡ್ಕೋ, ಸುಟ್ಟೀತು ಯಾರದೋ ಪ್ಯಾಂಟು."

ಆ ಪಟ್ಟಿ ವಾರ ವಾರ ಸಡಿಲವಾಗುತ್ತಿದ್ದದ್ದು ಎಂಜಿನ್ನಿನಿಂದಲ್ಲ, ನನ್ನಿಂದ. ಸವೆದ ತೂತಿಗೆ ಒಂದು ಹನಿ ಗಟ್ಟಿ ಅಂಟು ಬಿಟ್ಟು, ಒಣಗಿದ ಮೇಲೆ ಸೂಜಿಯಂಥ ಡ್ರಿಲ್ಲಿನಿಂದ ಹೊಸದಾಗಿ ಕೊರೆದರೆ ತಂತಿ ಬಿಗಿಯಾಗಿ ಕೂರುತ್ತದೆ, ಆರು ತಿಂಗಳು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ನಾನು ಒಂದು ಸುತ್ತು ದಪ್ಪನೆಯ ಡ್ರಿಲ್ ಹಾಕುತ್ತಿದ್ದೆ. ಸಾಸಿವೆಯಷ್ಟು ಸಡಿಲ ಉಳಿಯುತ್ತಿತ್ತು, ಒಂದು ಭಾನುವಾರದ ಹಾರಾಟಕ್ಕೆ ಅದು ಕಡಲೆಯಷ್ಟಾಗುತ್ತಿತ್ತು. ಮೊದಲನೆಯ ಸಲ ಮರೆತು ಮಾಡಿದೆ. ಎರಡನೆಯ ಸಲ ಮರೆತವಳಂತೆ ಮಾಡಿದೆ. ಆಮೇಲೆ ಲೆಕ್ಕವಿಡಲಿಲ್ಲ. ನಿಂತ ಪಟ್ಟಿಯಲ್ಲಿ ಮಾತ್ರ, ಮಲಗಿದ ಪಟ್ಟಿಯನ್ನು ಮುಟ್ಟಲಿಲ್ಲ. ನಿಂತದ್ದು ಸ್ವಲ್ಪ ಸಡಿಲವಿದ್ದರೆ ಆ ನಿಧಾನದ ವಿಮಾನ ಕುಡಿದವರ ಹಾಗೆ ಬಾಲ ಆಡಿಸುತ್ತದೆ, ಬೀಳುವುದಿಲ್ಲ. ಮಲಗಿದ್ದು ಸಡಿಲವಾದರೆ ನೆಲಕ್ಕೆ ಮೂಗು ಹೆಟ್ಟುತ್ತದೆ. ಪಾಪಕ್ಕೂ ಒಂದು ಅಳತೆ ಇಟ್ಟುಕೊಂಡಿದ್ದೆ.

ಹೀಗಿರುವಾಗ ಒಂದು ಗುರುವಾರ ಪೇಂಟರು ಮೂರಕ್ಕಲ್ಲ, ಹನ್ನೊಂದಕ್ಕೇ ಬಂದರು. ವಿಮಾನದ ಜೊತೆ ರಿಮೋಟನ್ನೂ ತಂದಿದ್ದರು. ಮೇಜಿನ ಮೇಲೆ ಎರಡನ್ನೂ ಇಟ್ಟು ಬಲಗೈಯನ್ನು ಜೇಬಿಗೆ ಹಾಕಿಕೊಂಡು ನಿಂತರು.

"ಏನ್ ಮೈದುನ, ಗಡಿಯಾರ ಮಾರ್ಕೊಂಡ್ರಾ?"

"ತಮಾಷೆ ಬೇಡ ಅತ್ತಿಗೆ. ಭಾನುವಾರ ನನ್ನ ವಿಮಾನ ಬೆಂಚಿನ ಮೇಲೆ ಕೂತೋರ ತಲೆ ಸವರ್ಕೊಂಡು ಹೋಯ್ತು."

"ಯಾರ ತಲೆ?"

"ಸೀಟಿಯವರದ್ದೇ."

ಸೀಟಿಯವರು ಎಂದರೆ ಮೈದಾನದ ಸೆಕ್ರೆಟರಿ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ, ನಿದ್ದೆಯಲ್ಲಿ ಗೊರಕೆಯನ್ನೂ ಅದರಲ್ಲೇ ಹೊಡೆಯುತ್ತಾರೆ. ನನಗೆ ನಗು ಬಂತು.

"ಅವರ ತಲೆ ಮೇಲೆ ಹಾರಿದ್ರೆ ಕೆಡೋಕೆ ಏನಿದೆ, ಕೂದಲೇ ಇಲ್ಲ."

ಪೇಂಟರು ನಗಲಿಲ್ಲ. "ಮೂರು ವಾರದಿಂದ ಹೀಗೇ. ಒಂದೇ ಸಮ ಹೋಗ್ತಿರುತ್ತೆ, ಇದ್ದಕ್ಕಿದ್ದ ಹಾಗೆ ಕುದುರೆ ಥರ ಮೇಲೆ ಕೆಳಗೆ, ಮೇಲೆ ಕೆಳಗೆ. ಸೀಟಿಯವರು ಕಡ್ಡಿ ತುಂಡು ಮಾಡ್ದಂಗೆ ಹೇಳಿಬಿಟ್ರು. ಏನು ಕೆಟ್ಟಿತ್ತು ಅಂತ ಬಂದು ಹೇಳ್ಬೇಕಂತೆ. ಹೇಳಿ, ಈ ಭಾನುವಾರ ಅವರ ಕಣ್ಣೆದುರಿಗೆ ಮೂರು ಸುತ್ತು ನೇರವಾಗಿ ಹಾರಿಸ್ಬೇಕಂತೆ. ಅಲ್ಲಾಡಿದ್ರೆ ರಿಮೋಟ್ ಮನೇಲಿಟ್ಟು ಬನ್ನಿ ಅಂದ್ರು."

"ಇಟ್ಟು ಬಂದ್ರೆ ಏನಾಗುತ್ತೆ? ಬೆಂಚಿನ ಮೇಲೆ ಕೂತು ನೋಡಿ."

"ಕುಂಚ ಕೆಳಗಿಟ್ಟಾಯ್ತು ಅತ್ತಿಗೆ. ಈಗ ಬೋರ್ಡೆಲ್ಲ ಮಿಷನ್ನಿಂದ ಬರುತ್ತೆ. ಇದನ್ನೂ ಕೆಳಗಿಟ್ರೆ ಭಾನುವಾರ ಯಾಕೆ ಏಳಬೇಕು ನಾನು, ಹೇಳಿ."

ಟೀ ಕೊಟ್ಟೆ. ಕುಡಿಯಲಿಲ್ಲ, ಆರಲಿ ಎಂದರು. ಆರಿದ ಮೇಲೂ ಕುಡಿಯದೆ ಹೊರಟರು. "ಶನಿವಾರ ಬರ್ತೀನಿ. ಎಲ್ಲಿ ಸಡಿಲ ಇದೆ ಹುಡುಕಿ. ನಿಮ್ಮ ಬೆರಳಿಗೆ ಸಿಗ್ದೇ ಇರೋದು ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವರು ಮೆಟ್ಟಿಲಿಳಿಯುವ ಸದ್ದು ಮುಗಿಯುವ ತನಕ ತಡೆದುಕೊಂಡಿದ್ದೆ, ಆಮೇಲೆ ಬಾಗಿಲ ಚಿಲಕ ಹಾಕಿದೆ. ನನ್ನ ಸಾಸಿವೆ ಬೆಳೆದು ಗುಡ್ಡವಾಗಿ ಸೀಟಿಯವರ ತಲೆಯ ಮೇಲೆ ಉರುಳಿತ್ತು. ಒಂದು ಗಂಟೆ ಹರಟೆಯ ಆಸೆಗೆ ಒಬ್ಬರ ಪ್ರಾಣ ತೆಗೆಯುವುದರಲ್ಲಿದ್ದೆ.

ರೆಕ್ಕೆಗೆ ಬಿಗಿದ ರಬ್ಬರ್ ಬ್ಯಾಂಡ್ ಬಿಚ್ಚಿ, ರೆಕ್ಕೆ ತೆಗೆದು ಪಕ್ಕಕ್ಕಿಟ್ಟು, ವಿಮಾನದ ಹೊಟ್ಟೆಯೊಳಗೆ ಕೈ ಹಾಕಿದೆ. ಸುಟ್ಟ ಹರಳೆಣ್ಣೆಯ ವಾಸನೆ. ಆ ಎಂಜಿನ್ನಿನ ಇಂಧನದಲ್ಲಿ ಹರಳೆಣ್ಣೆ ಇರುತ್ತದೆ, ಯಜಮಾನರ ಅಂಗಿಗಳೆಲ್ಲ ಅದೇ ವಾಸನೆ ಹೊಡೆಯುತ್ತಿದ್ದವು. ನಿಂತ ಪಟ್ಟಿಯ ಸರ್ವೋಗೆ ಕ್ಲಿಪ್ಪು ಸಿಕ್ಕಿಸಿ, ಕಣ್ಣು ಮುಚ್ಚಿ ಪಟ್ಟಿ ಆಡಿಸಿದೆ. ಟಿಕ್. ಹೂಂ. ನನ್ನ ಪಾಪ ಇದ್ದ ಜಾಗದಲ್ಲೇ ಇತ್ತು, ಎಂದಿನಷ್ಟೇ ಇತ್ತು.

ಆಗ ಬುದ್ಧಿ ಬಂತು. ಪೇಂಟರು ಹೇಳಿದ್ದು ಮೇಲೆ ಕೆಳಗೆ. ನಿಂತ ಪಟ್ಟಿ ತಿಪ್ಪರಲಾಗ ಹಾಕಿದರೂ ವಿಮಾನವನ್ನು ಕುದುರೆಯ ಹಾಗೆ ಕುಣಿಸಲಾರದು. ಅದು ಮಲಗಿದ ಪಟ್ಟಿಯ ಕೆಲಸ. ಕ್ಲಿಪ್ಪನ್ನು ಆ ಸರ್ವೋಗೆ ಹಾಕಿದೆ. ಬೆರಳಿಟ್ಟೆ. ಏನೂ ಇಲ್ಲ. ಎಡಗೈ ಬೆರಳಿಟ್ಟೆ. ಉಸಿರು ಬಿಗಿಹಿಡಿದೆ, ಕೆಳಗೆ ನಾದಿನಿಗೆ ರೇಡಿಯೋ ಆರಿಸು ಎಂದು ಕೂಗಿ ಮತ್ತೆ ಇಟ್ಟೆ. ತೂತು, ಕೊಕ್ಕೆ, ತಂತಿ, ಕೀಲು, ಸರ್ವೋ ಕೂತ ತಿರುಪು, ಗುರುವಾರ ಮಧ್ಯಾಹ್ನವೆಲ್ಲ, ಶುಕ್ರವಾರ ಬೆಳಗ್ಗೆಯೆಲ್ಲ ಹುಡುಕಿದೆ. ಮಲಗಿದ ಪಟ್ಟಿ ಬಂಡೆಯೊಳಗಿನ ಬಂಡೆಯ ಹಾಗೆ ಬಿಗಿಯಾಗಿತ್ತು. ರಿಮೋಟ್ ಹಾಕಿ ಕೋಲು ಎಳೆದೆ. ಹೇಳಿದಷ್ಟು ಎದ್ದಿತು, ಹೇಳಿದಷ್ಟು ಇಳಿಯಿತು.

ಸೋತು, ರೆಕ್ಕೆ ವಾಪಸು ಹಾಕೋಣವೆಂದು ಅದನ್ನು ಕೈಗೆತ್ತಿಕೊಂಡೆ. ಹೊಸ ಬಣ್ಣದ ಅಂಟು ಬೆರಳಿಗೆ ಹತ್ತಿತು. ಹಳದಿ ರೆಕ್ಕೆಯ ಅಂಚಿಗೆ ಪೇಂಟರು ಒಂದು ಕೆಂಪು ಪಟ್ಟಿ ಎಳೆದಿದ್ದರು, ಟ್ಯಾಂಕಿನ ಪಟ್ಟಿಯಂಥದ್ದೇ. ಕಿಟಕಿಯ ಬೆಳಕಿಗೆ ಹಿಡಿದೆ.

ಗೆರೆ ನಡುಗಿತ್ತು.

ಇರುವೆ ನಡೆದ ದಾರಿಯ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಒರೆಸಿ ಮತ್ತೆ ಎಳೆದಿದ್ದರು, ಒರೆಸಿದ ಕಲೆ ಕಾಣುತ್ತಿತ್ತು. ಎರಡನೆಯದೂ ನಡುಗಿತ್ತು. ಒಂದು ಗೇಣಾದ ಮೇಲೆ ಬಿಟ್ಟುಬಿಟ್ಟಿದ್ದರು.

ರೆಕ್ಕೆ ಕೆಳಗಿಟ್ಟೆ. ಆರಿದರೂ ಕುಡಿಯದ ಟೀ, ಜೇಬಿನೊಳಗಿನ ಬಲಗೈ, ಹೋದ ತಿಂಗಳು ಅರ್ಧ ಲೋಟ ಸಾಕು ಅತ್ತಿಗೆ ಎಂದದ್ದು, ಒಂದೊಂದೇ ಬಂದು ಮುಂದೆ ನಿಂತವು. ಸೌಟಿನಲ್ಲಿ ಸಾಸಿವೆಯಷ್ಟು ಸಡಿಲ ಹುಡುಕುವ ಮಹಾತಾಯಿ ನಾನು, ಎದುರಿಗೆ ಕೂತ ಮನುಷ್ಯನ ಕೈ ನಡುಗುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹರಟೆಯಲ್ಲೇ ಮುಳುಗಿದ್ದೆ.

ಸುಳ್ಳು ಯಾಕೆ ಹೇಳಲಿ, ಮೊದಲು ಬಂದ ಯೋಚನೆ ಕೆಟ್ಟದ್ದು. ಸುಮ್ಮನೆ ರೆಕ್ಕೆ ಕಟ್ಟಿ ಕೊಟ್ಟುಬಿಟ್ಟರೆ? ಭಾನುವಾರ ವಿಮಾನ ಕುಣಿಯುತ್ತದೆ, ಸೀಟಿಯವರು ಸೀಟಿ ಊದುತ್ತಾರೆ, ಪೇಂಟರಿಗೆ ಮೈದಾನವಿಲ್ಲ. ಮೈದಾನವಿಲ್ಲದವರು ಎಲ್ಲಿಗೆ ಹೋಗುತ್ತಾರೆ? ಇಲ್ಲಿಗೇ ಬರುತ್ತಾರೆ. ಗುರುವಾರ ಮಾತ್ರವಲ್ಲ, ವಾರವೆಲ್ಲ ಬರುತ್ತಾರೆ. ಈ ಮೇಜಿನ ಆಚೆ ಬದಿ ಕೂತು ತೋಳು ಹಿಡಿಯುತ್ತಾರೆ, ನಾನು ಹೂಂ ಎನ್ನುತ್ತೇನೆ. ಅಷ್ಟು ದೂರ ಯೋಚಿಸಿದೆ. ತೋಳು ಹಿಡಿಯುತ್ತಾರೆ ಎಂದೆನಲ್ಲ, ಯಾವ ಕೈಯಲ್ಲಿ ಹಿಡಿಯುತ್ತಾರೆ ಎಂದು ಆಮೇಲೆ ನೆನಪಾಯಿತು. ಭಾನುವಾರ ಯಾಕೆ ಏಳಬೇಕು ನಾನು ಎಂದದ್ದೂ ನೆನಪಾಯಿತು. ಏಳದವರು ಬರುವುದೂ ಇಲ್ಲ.

ಮತ್ತೆ ವಿಮಾನದ ಹೊಟ್ಟೆಗೆ ಕೈ ಹಾಕಿದೆ.

ಸರ್ವೋದ ತೋಳಿಗೆ ನಾಲ್ಕು ತೂತಿರುತ್ತವೆ, ತುದಿಯಿಂದ ಬುಡದ ಕಡೆಗೆ. ತಂತಿ ತುದಿಯ ತೂತಿನಲ್ಲಿದ್ದರೆ ತೋಳು ಸ್ವಲ್ಪ ತಿರುಗಿದರೂ ತಂತಿ ದೂರ ಎಳೆಯುತ್ತದೆ. ಒಳಗಿನ ತೂತಿಗೆ ಬಂದಷ್ಟೂ ಎಳೆತ ಕಡಿಮೆ. ಬಾಗಿಲನ್ನು ಹಿಡಿಯ ಹತ್ತಿರ ತಳ್ಳುವುದಕ್ಕೂ ಕೀಲಿನ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ. ಹೊಸ ರಿಮೋಟುಗಳಲ್ಲಿ ಇದಕ್ಕೆಲ್ಲ ಗುಂಡಿ ಇದೆಯಂತೆ. ಪೇಂಟರದ್ದು ಅಜ್ಜನ ಕಾಲದ ಪೆಟ್ಟಿಗೆ, ಇಂಥದ್ದೆಲ್ಲ ಇಲ್ಲ. ಅವರ ತಂತಿ ತುದಿಯಿಂದ ಎರಡನೆಯ ತೂತಿನಲ್ಲಿತ್ತು. ಕೋಲನ್ನು ಹಿಡಿದು ನನ್ನ ಕೈಯನ್ನು ಬೇಕೆಂದೇ ನಡುಗಿಸಿದೆ. ಪಟ್ಟಿ ಹೆದರಿದ ಗುಬ್ಬಿಯ ರೆಕ್ಕೆಯ ಹಾಗೆ ಪಟಪಟ ಎಂದಿತು. ತಂತಿಯನ್ನು ಮೂರನೆಯ ತೂತಿಗೆ ತಂದೆ, ಮತ್ತೆ ನಡುಗಿಸಿದೆ. ಕಡಿಮೆಯಾಯಿತು. ನಾಲ್ಕನೆಯದಕ್ಕೆ, ಬುಡದ್ದಕ್ಕೆ ತಂದೆ. ಕೈ ನಡುಗಿದರೂ ಪಟ್ಟಿ ಉಸಿರಾಡಿದಷ್ಟು ಅಲುಗಿತು, ಅಷ್ಟೇ. ಕೋಲನ್ನು ಪೂರ್ತಿ ಎಳೆದು ನೋಡಿದೆ. ಏರಲು, ಇಳಿಯಲು ಬೇಕಾದಷ್ಟು ಪಟ್ಟಿ ಏಳುತ್ತಿತ್ತು, ನಿಧಾನವಾಗಿ. ತಂತಿಯ ಕೊಕ್ಕೆಯನ್ನು ಎರಡು ಸುತ್ತು ತಿರುಪಿ ಉದ್ದ ಸರಿಮಾಡಿ, ಪಟ್ಟಿಯನ್ನು ನಡುವಿಗೆ ತಂದೆ. ರೆಕ್ಕೆ ಮುಚ್ಚಿದರೆ ಇದ್ಯಾವುದೂ ಕಾಣುವುದಿಲ್ಲ. ಪೇಂಟರು ವಿಮಾನದ ಹೊರಮೈ ಬಿಟ್ಟು ಒಳಗೆ ಯಾವತ್ತೂ ಇಣುಕಿದವರಲ್ಲ.

ಉಳಿದದ್ದು ಒಂದು ಮಾತು. ಏನು ಕೆಟ್ಟಿತ್ತು ಎಂದು ಸೀಟಿಯವರಿಗೆ ಹೇಳಬೇಕಲ್ಲ.

ಶನಿವಾರ ಪೇಂಟರು ಬಂದರು. ಎರಡು ದಿನದ ಗಡ್ಡ. ಕೂರಲಿಲ್ಲ.

"ಸಿಕ್ತಾ ಅತ್ತಿಗೆ?"

"ಸಿಕ್ತು."

"ಎಲ್ಲಿತ್ತು?"

"ನನ್ನ ಹತ್ರ ಇತ್ತು."

"ಒಗಟು ಹೇಳ್ಬೇಡಿ, ನನ್ನ ಜೀವ ಬಾಯಿಗೆ ಬಂದಿದೆ."

"ಒಗಟಲ್ಲ. ತಂತಿ ಕೂರೋ ತೂತು ಸಡಿಲ ಬಿಟ್ಟಿದ್ದು ನಾನೇ. ಪ್ರತಿ ವಾರ ನಾನೇ ಬಿಡ್ತಿದ್ದೆ. ಡ್ರಿಲ್ ಒಂದು ಸುತ್ತು ದೊಡ್ಡದು ಹಾಕ್ತಿದ್ದೆ."

ಪೇಂಟರು ನಕ್ಕರು. ತಪ್ಪು ಅವರದ್ದಲ್ಲ. ಹುಟ್ಟಿದಾಗಿನಿಂದ ಇಲಿಯನ್ನು ಆನೆ ಎಂದು ಹೇಳಿಕೊಂಡು ಬಂದವಳು ನಾನು, ಒಂದು ದಿನ ಇಲಿಯನ್ನು ಇಲಿ ಎಂದರೆ ಯಾರು ನಂಬುತ್ತಾರೆ?

"ಬನ್ನಿ ಇಲ್ಲಿ" ಎಂದು ಕರೆದು ರೆಕ್ಕೆಯನ್ನು ಒಂದು ಬದಿಗೆ ಸರಿಸಿ ನಿಂತ ಪಟ್ಟಿಯ ಸರ್ವೋಗೆ ಕ್ಲಿಪ್ಪು ಹಾಕಿದೆ. ಆ ಸಡಿಲವನ್ನು ಬೇಕೆಂದೇ ಹಾಗೇ ಉಳಿಸಿಕೊಂಡಿದ್ದೆ. "ಬೆರಳಿಡಿ ಇದರ ಮೇಲೆ. ಬಲಗೈ ಬೆರಳು."

ಜೇಬಿನಿಂದ ಕೈ ಹೊರಗೆ ಬಂತು. ತೋರುಬೆರಳನ್ನು ಪಟ್ಟಿಯ ಮೇಲಿಟ್ಟರು. ಟಿಕ್ ಟಿಕ್ ಟಿಕ್ ಟಿಕ್ ಎಂದು ಪಟ್ಟಿ ತಾನಾಗಿಯೇ ಬಡಿದುಕೊಳ್ಳತೊಡಗಿತು. ಅದರಲ್ಲಿ ನನ್ನ ಪಾಲು ಎಷ್ಟು, ಆ ಬೆರಳಿನ ಪಾಲು ಎಷ್ಟು ಎಂದು ನನಗೆ ಗೊತ್ತಿತ್ತು. ಅವರ ಮುಖವನ್ನೇ ನೋಡುತ್ತಿದ್ದೆ.

"ಹೌದು" ಎಂದರು. "ಎಷ್ಟೊಂದು ಅಲ್ಲಾಡ್ತಿದೆ!"

"ಅದೇ ಕಣ್ರೀ. ಇದರ ಬಡಿತ ಪಕ್ಕದ ಮಲಗಿದ ಪಟ್ಟಿಗೂ ಹತ್ತಿ ಇಡೀ ಬಾಲ ಅಲ್ಲಾಡಿಸಿದ್ದು."

"ಬೇಕೂಂತ ಬಿಟ್ರಾ?"

"ಬೇಕೂಂತ."

"ಯಾಕೆ ಅತ್ತಿಗೆ?"

"ನೀವು ಬರ್ಲಿ ಅಂತ."

ಕೆಳಗೆ ನಾದಿನಿ ನೀರು ಚಿಮುಕಿಸಿ ಇಸ್ತ್ರಿ ಉಜ್ಜುವ ಸುಯ್ ಎಂಬ ಸದ್ದು ಮೇಲಕ್ಕೆ ಕೇಳುತ್ತಿತ್ತು. ಪೇಂಟರು ಕುರ್ಚಿ ಎಳೆದು ಕೂತರು. ಕೂತು ಮತ್ತೆ ಎದ್ದರು.

"ನಾನು ಮೂರು ವಾರದಿಂದ ನಿದ್ದೆ ಮಾಡಿಲ್ಲ. ನನ್ನ ಕೈಗೇ ಏನೋ ಆಗಿದೆ ಅಂದ್ಕೊಂಡಿದ್ದೆ. ಗೊತ್ತಾ ನಿಮಗೆ? ಅನ್ನ ಕಲಸೋವಾಗ ಕೈ ನೋಡ್ತಾ ಕೂತಿರ್ತಿದ್ದೆ. ಪೇಂಟ್ ಹಚ್ಚೋಕೆ ಹೋದ್ರೆ ಭಯಕ್ಕೇ ನಡುಕ."

"ಕೈಗೇನಾಗಿದೆ? ಭಯಕ್ಕೆ ಯಾರ ಕೈ ನಡುಗಲ್ಲ? ಕಲ್ಲಿನಂಥ ಕೈ ನಿಮ್ದು. ಟ್ಯಾಂಕ್ ನೋಡಿದ್ರೆ ಗೊತ್ತಾಗಲ್ವಾ?"

ಮುಖದಲ್ಲಿ ಒಂದು ಕ್ಷಣ ಬಿಸಿಲು ಬಂದು ಹೋಯಿತು. ಅದು ಹೋದ ಜಾಗಕ್ಕೆ ಕೋಪ ಬಂತು. ಬರಲಿ ಎಂದೇ ಕಾಯುತ್ತಿದ್ದೆ.

"ಬೆಂಚಿನ ಮೇಲೆ ಮೂರು ಜನ ಕೂತಿದ್ರು. ಒಬ್ರ ತಲೆಗೆ ಬಡಿದಿದ್ರೆ? ಅಣ್ಣ ಇದ್ದಿದ್ರೆ ಏನಂತಿದ್ರು ನಿಮಗೆ?"

ಅಣ್ಣ ಎಂದರೆ ನಮ್ಮ ಯಜಮಾನರು. ಅಂಟಿನ ಬಾಟಲಿ ತೆಗೆದು ಅವರ ಎದುರಿಗೇ ನಿಂತ ಪಟ್ಟಿಯ ಕಿವಿಯ ತೂತಿಗೆ ಒಂದು ಹನಿ ಬಿಟ್ಟೆ. ಒಣಗಲು ಬಿಟ್ಟೆ. ಸರಿಯಾದ ಡ್ರಿಲ್ಲನ್ನೇ ಬೆರಳಲ್ಲಿ ತಿರುಗಿಸಿ ತೂತು ಕೊರೆದೆ. ಹೊಸ ಕೊಕ್ಕೆ ಹಾಕಿದೆ, ಕೊಕ್ಕೆ ಬಾಯಿ ಬಿಡದಂತೆ ಮೇಲೆ ರಬ್ಬರ್ ಕೊಳವೆಯ ಉಂಗುರ ಸರಿಸಿದೆ. "ಮತ್ತೆ ಬೆರಳಿಡಿ" ಎಂದೆ. ಇಟ್ಟರು. ಬಿಗಿಯಾದ ಪಟ್ಟಿ ಎಂಥ ಬೆರಳಿಗೂ ಸದ್ದು ಮಾಡುವುದಿಲ್ಲ.

"ಈಗ ಸರಿಯಾಯ್ತು. ಕೋಲು ಸ್ವಲ್ಪ ಜಾಸ್ತಿ ಎಳೀಬೇಕಾಗುತ್ತೆ. ಹೊಸ ಬಿಗಿ, ಹಾಗೇ ಇರುತ್ತೆ. ಮೊದಲು ಎತ್ತರದಲ್ಲಿ ಒಂದ್ ಸುತ್ತು ಹೊಡೆದು ಅಭ್ಯಾಸ ಮಾಡ್ಕೊಂಡು ಆಮೇಲೆ ಕೆಳಗಿಳಿಸಿ. ಸೀಟಿಯವರಿಗೆ ಹೇಳಿ, ಏನು ಕೆಟ್ಟಿತ್ತು ಅಂತ. ನನ್ನ ಹೆಸರೇ ಹೇಳಿ."

"ಹೇಳ್ದೇ ಇರ್ತೀನಾ?" ಎಂದರು.

ರಬ್ಬರ್ ಬ್ಯಾಂಡ್ ಬಿಗಿದು ವಿಮಾನ ತಬ್ಬಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, ತಿರುಗದೆ, "ಬರೀ ಟೀಗೆ ಬನ್ನಿ ಅಂದಿದ್ರೆ ಬರ್ತಿದ್ದೆ ಅತ್ತಿಗೆ" ಎಂದರು. ನಲವತ್ತೆರಡು ಮೆಟ್ಟಿಲನ್ನೂ ಎಣಿಸಿದೆ. ನಡುವೆ ಒಮ್ಮೆ ನಿಂತ ಹಾಗೆ ಕೇಳಿಸಿತು. ವಿಮಾನ ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಿರಬೇಕು.

ಬರೀ ಟೀಗೆ ಬನ್ನಿ. ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಾವಿರ ಮಾತು ಹುಟ್ಟುತ್ತವೆ. ಈ ಮೂರು ಹುಟ್ಟಿರಲಿಲ್ಲ.

ಭಾನುವಾರ ಬೆಳಗ್ಗೆ ನೋಯುವ ಮಂಡಿಗೆ ಬಟ್ಟೆ ಸುತ್ತಿಕೊಂಡು ತಾರಸಿಗೆ ಹತ್ತಿದೆ. ಒಣಹಾಕಿದ ಯಾರಯಾರದೋ ಹಾಸುಬಟ್ಟೆಗಳ ನಡುವೆ ಒಂದು ಸಂದಿ ಮಾಡಿಕೊಂಡು ನಿಂತೆ. ಮೈದಾನ ಕಾಣುವುದಿಲ್ಲ, ಟ್ಯಾಂಕ್ ಕಾಣುತ್ತದೆ. ಎಂಜಿನ್ ಸದ್ದು ಮೊದಲು ಬಂತು. ಆಮೇಲೆ ಹಳದಿ ಚುಕ್ಕೆ ಎದ್ದಿತು. ಒಂದು ಸುತ್ತು ಎತ್ತರದಲ್ಲಿ ಹೊಡೆಯಿತು, ನಾನು ಹೇಳಿದ ಹಾಗೆ. ಆಮೇಲೆ ಇಳಿಯಿತು, ಟ್ಯಾಂಕಿನ ಮುಂದಕ್ಕೆ ಬಂತು. ಕೆಂಪು ಪಟ್ಟಿಯ ಮೇಲೆಯೇ ಬಂತು. ಒಂದು ಕೂದಲೆಳೆ ಮೇಲಿಲ್ಲ, ಒಂದು ಕೂದಲೆಳೆ ಕೆಳಗಿಲ್ಲ. ಮೂರು ಸಲ. ಮೂರನೆಯ ಸುತ್ತು ಮುಗಿದಾಗ ದೂರದಲ್ಲಿ ಸೀಟಿ ಉದ್ದಕ್ಕೆ ಒಮ್ಮೆ ಕೂಗಿತು.

ಅಲ್ಲಿಗೆ ನನ್ನ ಅಪರಾಧವೂ ಸಾಬೀತಾಯಿತು. ವಿಮಾನ ನೇರ ಹಾರಿದಷ್ಟೂ ಕೆಡಿಸಿದವಳು ನಾನೇ ಎಂಬುದು ನಿಜವಾಯಿತು.

ಆ ವಾರವೇ ನಾದಿನಿ ಇಸ್ತ್ರಿ ಬಟ್ಟೆ ಕೊಡಲು ಹೋದ ಕಡೆಯಿಂದ ಸುದ್ದಿ ತಂದಳು. "ಅತ್ತಿಗೆ, ಏನ್ ಮಾಡಿದೀರಾ ನೀವು? ಇನ್ಮೇಲೆ ಆ ಮಹಡಿ ಮನೆಗೆ ಯಾರೂ ವಿಮಾನ ಕೊಡ್ಬೇಡಿ ಅಂತ ಸೀಟಿಯವರು ಬೋರ್ಡ್ ಹಾಕಿದಾರಂತೆ."

"ಯಾರ ಕೈಯಲ್ಲಿ ಬರೆಸಿದ್ರಂತೆ?"

"ನಿಮಗೆ ಅದೊಂದೇ ಕೇಳೋಕೆ ತೋಚಿದ್ದಾ? ಮಿಷನ್‌ದಂತೆ."

"ಹಂಗಾದ್ರೆ ಸರಿ."

ಅವಳು ಇನ್ನೆರಡು ಕ್ಲಿಪ್ಪು ಮೇಜಿನ ಮೇಲಿಟ್ಟು ಇಳಿದು ಹೋದಳು. ಗುರುವಾರ ಮೂರು ಗಂಟೆಗೆ ಕೆಳಗಿನಿಂದ ಕೂಗುವುದನ್ನು ನಿಲ್ಲಿಸಿದಳು. ಅವಳು ಕೂಗಿದ್ದರೇ ವಾಸಿಯಿತ್ತು.

ಈಗ ಐದು ತಿಂಗಳು. ಮೆಟ್ಟಿಲ ಮೇಲೆ ನೀರಿನ ಬಿಲ್ಲಿನವನ ಹೆಜ್ಜೆ, ನಾದಿನಿಯ ಹೆಜ್ಜೆ, ಅಷ್ಟೇ. ಪೇಂಟರ ಮನೆಗೆ ಟೀಗೆ ಬನ್ನಿ ಎಂದು ಹೇಳಿ ಕಳಿಸಬಹುದು. ಹೇಳಿ ಕಳಿಸಿದರೆ ಬರಲೂಬಹುದು. ಬಂದರೆ ಆ ಕೈಯಲ್ಲೇ ಲೋಟ ಹಿಡಿಯಬೇಕು, ನಾನು ನೋಡಬೇಕು, ನಾನು ನೋಡಿದ್ದನ್ನು ಅವರು ನೋಡಬೇಕು. ನನ್ನ ಮುಖ ಇದುವರೆಗೆ ಏನನ್ನೂ ಮುಚ್ಚಿಟ್ಟುಕೊಂಡಿಲ್ಲ. ಕೋಪದಲ್ಲಿರುವ ತನಕ, ತಪ್ಪು ನನ್ನದು, ಕೈಯದ್ದಲ್ಲ ಎಂದು ನಂಬಿಕೊಂಡು ಅವರು ಮೈದಾನದಲ್ಲಿರುತ್ತಾರೆ. ಗುರುವಾರದ ಮಧ್ಯಾಹ್ನಗಳಲ್ಲಿ ಗೋಡೆಯ ಮೊಳೆಯಿಂದ ಯಜಮಾನರ ವಿಮಾನ ಇಳಿಸಿ, ಕ್ಲಿಪ್ಪು ಹಾಕಿ, ಎಲ್ಲ ಕೀಲನ್ನೂ ಒಮ್ಮೆ ನೋಡಿ, ಮತ್ತೆ ನೇತುಹಾಕುತ್ತೇನೆ. ನಾಲ್ಕು ವರ್ಷದಿಂದ ಹಾರದ ವಿಮಾನದಲ್ಲಿ ಏನು ಸವೆಯುತ್ತದೆ? ಆದರೂ ನೋಡುತ್ತೇನೆ.

ಭಾನುವಾರ ಮಾತ್ರ ತಾರಸಿ ತಪ್ಪಿಸುವುದಿಲ್ಲ. ನಾನು ತಂತಿ ಇಟ್ಟದ್ದು ಕೊನೆಯ ತೂತು. ಅದರೊಳಗೆ ಇನ್ನೊಂದು ತೂತಿಲ್ಲ, ಅದರಾಚೆ ತಿರುಪು. ಆ ಕೈಯ ನಡುಕ ಬೆಳೆದು ಆ ತೂತನ್ನೂ ದಾಟುವ ದಿನ ಒಂದಿದೆ, ಅದು ನನಗೆ ಕಂಡಷ್ಟು ಬೇಗ ಇನ್ನಾರಿಗೂ ಕಾಣುವುದಿಲ್ಲ. ಕಂಡ ದಿನ ಮಂಡಿ ನೋವನ್ನು ಮೂಟೆ ಕಟ್ಟಿಟ್ಟು, ನಲವತ್ತೆರಡೂ ಮೆಟ್ಟಿಲಿಳಿದು ಮೈದಾನಕ್ಕೆ ಹೋಗಿ ನಿಜ ಹೇಳುತ್ತೇನೆ. ಇಲಿಯನ್ನು ಇಲಿ ಎಂದೇ ಹೇಳುತ್ತೇನೆ.

ಹೋದ ಭಾನುವಾರ ಗಾಳಿ ಜೋರಿತ್ತು. ಹಾಸುಬಟ್ಟೆಗಳು ಮುಖಕ್ಕೆ ಬಡಿಯುತ್ತಿದ್ದವು. ಹಳದಿ ಚುಕ್ಕೆ ತಿರುವು ತೆಗೆದುಕೊಂಡು ಟ್ಯಾಂಕಿನ ಕಡೆ ಇಳಿಯಿತು. ನಾನು ತಾರಸಿಯ ಗೋಡೆಯ ಮೇಲೆ ಒಂದು ಬೆರಳಿಟ್ಟು, ಬಾಯಲ್ಲಿ ಹೂಂ ಇಟ್ಟುಕೊಂಡು ನಿಂತಿದ್ದೆ. ಕೆಂಪು ಪಟ್ಟಿಯ ಈ ತುದಿಗೆ ಬಂತು, ನಡುವಿಗೆ ಬಂತು, ಆ ತುದಿಗೆ ಹೋಯಿತು.

ನಾನು ಸುಮ್ಮನಿದ್ದೆ.